ಕೊನೆಪುಟದಕ್ಕನ ತಪ್ಪು

ಕಾಲೇಜಿನ ಕೆಳಮಹಡಿಯ ಉದ್ದನೆಯ ಪಡಸಾಲೆ ಮುಗಿಯುವಲ್ಲಿ, ಜೆರಾಕ್ಸ್ ಯಂತ್ರದ ಕೋಣೆಗೂ ಆಟದ ಸಾಮಾನಿನ ಕೋಣೆಗೂ ನಡುವೆ, ಹನ್ನೆರಡನೇ ನಂಬರಿನ ಕೋಣೆಯಿತ್ತು. ಒಂದು ಮೇಜು, ನಾಲ್ಕು ಕುರ್ಚಿ, ಅದರಲ್ಲಿ ಒಂದಕ್ಕೆ ಕಾಲು ಗಿಡ್ಡ. ಆ ಕುರ್ಚಿಯಲ್ಲಿ ಕೂತವರು ಮಾತಾಡುವಾಗೆಲ್ಲ ತೂಗುತ್ತಿದ್ದರು. ಗೋಡೆಯಾಚೆ ಜೆರಾಕ್ಸ್ ಯಂತ್ರ ಇಡೀ ದಿನ ಉಸಿರೆಳೆದು ಬಿಡುತ್ತಿತ್ತು. ಈ ಕೋಣೆಯಲ್ಲಿ ಕೂರುವವಳನ್ನು ಹುಡುಗರೆಲ್ಲ ಕೊನೆಪುಟದಕ್ಕ ಅನ್ನುತ್ತಿದ್ದರು.

ಆ ಕಾಲೇಜಿನಲ್ಲಿ ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಓದಬೇಕು. ವರ್ಷ ಮುಗಿಯುವ ಹೊತ್ತಿಗೆ ಹದಿನಾಲ್ಕು ವಿಭಾಗಗಳಲ್ಲಿ ಒಂದನ್ನು ಆರಿಸಿಕೊಂಡು ಮುಂದಿನ ಮೂರು ವರ್ಷ ಅದನ್ನೇ ಓದಬೇಕು. ಕೊನೆಯ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಆಫೀಸಿನ ಕಿಟಕಿ ಮುಚ್ಚುತ್ತದೆ. ಅಷ್ಟರಲ್ಲಿ ಅರ್ಜಿ ಕೊಡದವರನ್ನು ಎಲ್ಲಿ ಜಾಗ ಉಳಿದಿದೆಯೋ ಅಲ್ಲಿಗೆ ತಳ್ಳುತ್ತಾರೆ. ಪ್ರತಿವರ್ಷ ಜಾಗ ಉಳಿಯುತ್ತಿದ್ದುದು ಭೂಗರ್ಭಶಾಸ್ತ್ರದಲ್ಲಿ. ಹಾಗಾಗಿ ಮೀನಮೇಷ ಎಣಿಸುತ್ತ ಕೂತವರಿಗೆ ಗೆಳೆಯರು, "ನಿಂಗೆ ಕಲ್ಲೇ ಗತಿ" ಅನ್ನುತ್ತಿದ್ದರು. ಹಾಗೆ ಕಲ್ಲಿಗೆ ಹೋದವರಲ್ಲಿ ಕೆಲವರು ಕಲ್ಲನ್ನೇ ಪ್ರೀತಿಸತೊಡಗಿದ್ದು ಬೇರೆ ಮಾತು.

ಇಂಥವರಿಗೆ ಸಲಹೆ ಕೊಡುವುದು ಅಕ್ಕನ ಕೆಲಸ. ಬೇರೆ ಕಡೆ ಈ ಕೆಲಸಕ್ಕೆ ಕೂತವರು ಅಂಕಪಟ್ಟಿ ಕೇಳುತ್ತಾರೆ, ನೂರು ಪ್ರಶ್ನೆಗಳ ಹಾಳೆ ತುಂಬಿಸುತ್ತಾರೆ. ಅಕ್ಕ ರಫ್ ನೋಟ್‌ಬುಕ್ ಕೇಳುತ್ತಿದ್ದಳು. ತಂದವರ ಎದುರಿಗೇ ಅದನ್ನು ಬೋರಲು ಹಾಕಿ ಹಿಂದಿನಿಂದ ತೆರೆಯುತ್ತಿದ್ದಳು. "ಮುಂದಿನ ಪುಟದಲ್ಲಿ ಮೇಷ್ಟ್ರು ಹೇಳಿದ್ದಿರತ್ತೆ. ಮೇಷ್ಟ್ರು ಹೇಳೋವಾಗ ನೀನೇನು ಮಾಡ್ತಿದ್ದೆ ಅನ್ನೋದು ಹಿಂದಿನ ಪುಟದಲ್ಲಿರತ್ತೆ. ನಂಗೆ ಬೇಕಾಗಿರೋದು ಅದು."

ಒಬ್ಬ ಹಿಂದಿನ ಹದಿನೈದು ಪುಟಗಳ ತುಂಬ ಬರೀ ಸೇತುವೆ ಬರೆದಿದ್ದ. ಒಬ್ಬಳು ಪ್ರಿನ್ಸಿಪಾಲರ ಹೆಸರನ್ನು ನಲವತ್ತು ಬಗೆಯ ಅಕ್ಷರಗಳಲ್ಲಿ ಬರೆದಿದ್ದಳು. ಇನ್ನೊಬ್ಬ, ಯಾವ ತರಗತಿಯಲ್ಲಿ ಯಾರು ಎಷ್ಟು ನಿಮಿಷಕ್ಕೆ ನಿದ್ದೆ ಹೋದರು ಎಂದು ವರ್ಷವಿಡೀ ಗುರುತು ಹಾಕಿಟ್ಟಿದ್ದ. "ಅಕ್ಕ, ಇದು ಚಾಡಿ ಅಲ್ಲ" ಎಂದು ಅವನು ಬೆವರಿದ್ದ. ಅಕ್ಕ ಅವನನ್ನು ಜೀವಶಾಸ್ತ್ರಕ್ಕೆ ಕಳಿಸಿದಳು. ಈಗ ಅವನು ಹುಳುಗಳ ನಿದ್ದೆಯ ಬಗ್ಗೆ ಓದುತ್ತಿದ್ದಾನೆ. ಎದುರು ಸಿಕ್ಕಾಗಲೆಲ್ಲ ನಿಲ್ಲಿಸಿ ಹೊಸ ಹುಳುವಿನ ಸುದ್ದಿ ಹೇಳುತ್ತಾನೆ. ಮೂರು ವರ್ಷಗಳಲ್ಲಿ ಒಬ್ಬರೂ ವಾಪಸು ಬಂದು, ನೀವು ಹೇಳಿದ್ದು ತಪ್ಪು ಅಂದಿರಲಿಲ್ಲ. ಅಕ್ಕನಿಗೆ ಅದೊಂದು ಹೆಮ್ಮೆ. ಬೇರೆ ಹೆಮ್ಮೆಗಳು ಅವಳ ಹತ್ತಿರ ಆಗ ಇರಲಿಲ್ಲ.

ಈ ಸಲ ಕೊನೆಯ ವಾರದ ಗುರುವಾರ ಮಧ್ಯಾಹ್ನ ಬಂದ ಹುಡುಗಿಗೆ ತರಗತಿಯಲ್ಲಿ ಎಲ್ಲರೂ 'ಆಗ್ಲಿ' ಎಂದು ಹೆಸರಿಟ್ಟಿದ್ದರು. ಪೆನ್ನು ಕೊಡ್ತೀಯಾ ಅಂದರೆ ಆಗ್ಲಿ, ಜಾಗ ಬಿಡ್ತೀಯಾ ಅಂದರೆ ಆಗ್ಲಿ, ನನ್ನ ಬದಲು ನೀನೇ ಭಾಷಣ ಮಾಡು ಅಂದರೂ ಆಗ್ಲಿ. ಅವಳು ಗಿಡ್ಡಗಾಲಿನ ಕುರ್ಚಿಯಲ್ಲೇ ಕೂತಳು, ಆದರೆ ತೂಗಲಿಲ್ಲ. ಕುರ್ಚಿಗೆ ನೋವಾದೀತು ಎಂಬಂತೆ ಕೂತಿದ್ದಳು.

"ಮನೇಲಿ ಏನಂತಾರೆ?" ಅಕ್ಕ ಕೇಳಿದಳು.

"ನಿನ್ನಿಷ್ಟ ಅಂತಾರೆ."

"ಅಪ್ಪ?"

"ನಿನ್ನಿಷ್ಟ ಮಗಳೇ ಅಂತಾರೆ."

"ಅಮ್ಮ?"

"ನೀನು ಏನು ಓದಿದ್ರೂ ನಂಗೆ ಖುಷಿ ಅಂತಾಳೆ. ಅಜ್ಜಿ, ಓದದೇ ಇದ್ರೂ ಖುಷಿ ಅಂತಾಳೆ. ಚಿಕ್ಕಪ್ಪ ದೂರದೂರಿಂದ ಫೋನ್ ಮಾಡಿ, ಯಾರ ಮಾತೂ ಕೇಳ್ಬೇಡ ಅಂತಾರೆ. ಕೇಳ್ದೆ ಇರಕ್ಕೆ ಯಾರಾದ್ರೂ ಏನಾದ್ರೂ ಹೇಳಿದ್ರೆ ತಾನೇ ಅಕ್ಕ?"

ಅಕ್ಕ ನಗು ತಡೆದುಕೊಂಡಳು.

"ಬೇರೆಯವರೆಲ್ಲ ಅಪ್ಪನ ಜೊತೆ ಜಗಳ ಆಡ್ಕೊಂಡು ಬರ್ತಾರೆ," ಹುಡುಗಿ ಹೇಳಿದಳು. "ನಂಗೆ ಜಗಳಕ್ಕೂ ಯಾರೂ ಸಿಗಲ್ಲ. ಯಾರಾದ್ರೂ ಒಬ್ಬರು 'ಇದು ಬೇಡ' ಅಂದಿದ್ರೆ, ಅದನ್ನೇ ತಗೊಂಡ್ಬಿಡ್ತಿದ್ದೆ."

"ಮಾರ್ಕ್ಸು?"

"ಎಲ್ಲದ್ರಲ್ಲೂ ಅರವತ್ತೆಂಟು."

"ಎಲ್ಲದ್ರಲ್ಲೂ?"

"ಒಂದ್ರಲ್ಲಿ ಅರವತ್ತೊಂಬತ್ತು. ಅದು ಕೂಡೋದ್ರಲ್ಲಿ ತಪ್ಪಾಗಿದೆ ಅನ್ಸತ್ತೆ."

ಅಕ್ಕ ಕೈ ಚಾಚಿದಳು. ಹುಡುಗಿ ಚೀಲದಲ್ಲಿ ತಡಕಾಡಿ ಒಂದು ದಪ್ಪ ನೋಟ್‌ಬುಕ್ ತೆಗೆದಳು. ಕೊಡಲೋ ಬೇಡವೋ ಎಂದು ಒಂದು ಗಳಿಗೆ ಹಿಡಿದುಕೊಂಡೇ ಇದ್ದು ಕೊಟ್ಟಳು. ಅಕ್ಕ ಅದನ್ನು ಬೋರಲು ಹಾಕಿ ತೆರೆದಳು.

ಹಿಂದಿನಿಂದ ಮೂವತ್ತು ಪುಟ ತುಂಬಿತ್ತು. ನೀಲಿ ಶಾಯಿ, ಒತ್ತಿ ಬರೆದ ಸಣ್ಣ ಅಕ್ಷರ. ಎಡಗಡೆ ಗಂಟೆ, ನಿಮಿಷ. ನಡುವೆ ಮಹಡಿಯ ಸಂಖ್ಯೆ. ಬಲಗಡೆ ಎಷ್ಟು ಜನ ಲಿಫ್ಟಿಗೆ ಕಾಯುತ್ತಿದ್ದರು, ಎಷ್ಟು ಸೆಕೆಂಡು ಕಾದರು, ಎಷ್ಟು ಜನ ಹತ್ತಿದರು. ಪ್ರತಿ ಪುಟದ ಕೆಳಗೂ ಸರಾಸರಿ. ಕೆಲವು ಕಡೆ ಕೆಂಪು ಗೆರೆ ಎಳೆದು, 'ಬುಧವಾರ ಮೂರನೇ ಮಹಡಿ ದುಪ್ಪಟ್ಟು ಹೊತ್ತು. ಯಾಕೆ?' ಎಂದು ಬರೆದಿತ್ತು.

ಅಕ್ಕ ಒಂದೊಂದೇ ಪುಟ ತಿರುವಿದಳು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಇಂಥದ್ದು ಅವಳ ಮೇಜಿಗೆ ಈವರೆಗೆ ಬಂದಿರಲಿಲ್ಲ.

"ಇದು ಎಲ್ಲಿಯ ಲಿಫ್ಟು?"

"ಸ್ಟೇಷನ್ ಪಕ್ಕದ ಏಳು ಮಹಡಿ ಕಟ್ಟಡದ್ದು."

"ಹೀಗೆ ಬರ್ದಿಡು ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ. ಸುಮ್ನೆ ಬರ್ಯೋದು."

ಹುಡುಗಿ ಇನ್ನೇನೋ ಹೇಳಲು ಬಾಯಿ ತೆರೆದಳು. ಆದರೆ ಅಕ್ಕ ಆಗಲೇ ಮಾತಿಗೆ ಹತ್ತಿಬಿಟ್ಟಿದ್ದಳು. ಕಣ್ಣಿಗೆ ಕಂಡದ್ದನ್ನು ಎಣಿಸುವವರು ಬಹಳ ಜನ, ಎಣಿಸಿ ಅನುಮಾನಪಡುವವರು ಕಡಿಮೆ ಅಂದಳು. ಇದಕ್ಕೊಂದು ಶಾಸ್ತ್ರವೇ ಇದೆ ಅಂದಳು. ಬಸ್ಸು ಎಷ್ಟು ಹೊತ್ತಿಗೊಂದು ಬರಬೇಕು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಬೇಕು, ಎಲ್ಲ ಅದರಿಂದಲೇ ಗೊತ್ತಾಗುವುದು ಅಂದಳು. "ಸ್ಟ್ಯಾಟಿಸ್ಟಿಕ್ಸ್. ನಿಂಗೆ ಬೇರೆ ಮಾತೇ ಇಲ್ಲ."

ಹುಡುಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಅವಳ ಬಗ್ಗೆ ಇಷ್ಟು ಗಟ್ಟಿಯಾಗಿ ಯಾರೂ ಯಾವತ್ತೂ ಏನೂ ಹೇಳಿರಲಿಲ್ಲ.

"ಆಗ್ಲಿ ಅಕ್ಕ," ಅಂದಳು.

ಅರ್ಜಿ ತುಂಬಿದ್ದು ಅಲ್ಲೇ, ಸಹಿ ಹಾಕಿದ್ದೂ ಅಲ್ಲೇ. ಹುಡುಗಿಗೆ ತರಗತಿಯಿತ್ತು, ನೀನು ಹೋಗು ಎಂದು ಅಕ್ಕ ತಾನೇ ಆಫೀಸಿಗೆ ಒಯ್ದು ಮುದ್ರೆ ಹಾಕಿಸಿದಳು. ಮುದ್ರೆ ಬಿದ್ದರೆ ಮೂರು ವರ್ಷಕ್ಕೆ ಮಾತು ಮುಗಿದಂತೆ. ಬರುವ ದಾರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಕೋಣೆಗೆ ಇಣುಕಿ, "ನಿಮಗೊಂದು ರತ್ನ ಹುಡುಕಿದೀನಿ ಸರ್" ಅಂದಳು. ಮೇಷ್ಟ್ರು ನಂಬಲಿಲ್ಲ. ಅವರ ವಿಭಾಗಕ್ಕೆ ಬರುತ್ತಿದ್ದವರೆಲ್ಲ ಬೇರೆ ಕಡೆ ಜಾಗ ಸಿಗದೆ ಬಂದವರು. "ತಾನಾಗೇ ಬರ್ತಿದಾಳಾ? ಹುಷಾರಾಗಿದಾಳೆ ತಾನೇ?" ಎಂದು ಎರಡು ಸಲ ಕೇಳಿದರು.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವು ಮುಗಿಯುತ್ತಿದ್ದಂತೆ ಬಾಗಿಲಲ್ಲಿ ಇಬ್ಬರು ನಿಂತರು. ಮುಂದೆ ಒಬ್ಬಳು ಅಜ್ಜಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಹಿಂದೆ ನೀಲಿ ಅಂಗಿಯ ಗಂಡಸು, ಹೆಗಲಲ್ಲಿ ಸ್ಪ್ಯಾನರು ಸ್ಕ್ರೂಡ್ರೈವರುಗಳ ಭಾರಕ್ಕೆ ಜೋತುಬಿದ್ದ ಚೀಲ.

"ಕೊನೆಪುಟದಕ್ಕ ಅಂದ್ರೆ ನೀನೇನಾ?" ಅಂದಳು ಅಜ್ಜಿ. "ನಾನೆಲ್ಲೋ ನನ್ನ ವಯಸ್ಸಿನವಳು ಅನ್ಕೊಂಡಿದ್ದೆ. ನಿನ್ನೆ ಬಂದಿದ್ದಳಲ್ಲ, ಅವಳ ಅಜ್ಜಿ ನಾನು. ಇವನು ಅವಳಪ್ಪ. ಇವನನ್ನ ಎಳ್ಕೊಂಡು ಬರೋಷ್ಟ್ರಲ್ಲಿ ಸಾಕಾಯ್ತು. ನಾಚ್ಕೆ ಅಂತೆ."

"ನಾಚ್ಕೆ ಅಲ್ಲಮ್ಮ, ಕೆಲ್ಸ ಇತ್ತು," ಅಂದ ಅಪ್ಪ. ಅಕ್ಕನ ಕಡೆ ತಿರುಗಿ, "ನಾನು ಲಿಫ್ಟ್ ಮೆಕ್ಯಾನಿಕ್, ಮೇಡಂ. ಮಗಳಿಗೆ ದಾರಿ ತೋರಿಸಿದ್ರಿ. ಅದಕ್ಕೇ ಬಂದ್ವಿ."

ಅಜ್ಜಿ ಕೂತಳು, ಕುರ್ಚಿ ತೂಗಿತು. ಅವಳಿಗೆ ಅದು ಇಷ್ಟವಾದಂತೆ ಕಂಡಿತು. "ಕೇಳು ತಾಯಿ. ನಮ್ಮಪ್ಪ ನನ್ನ ಒಂದು ಮಾತು ಕೇಳ್ದೆ ಹೊಲಿಗೆಗೆ ಹಾಕಿದ. ಇವನಪ್ಪ ಇವನನ್ನ ಒಂದು ಮಾತು ಕೇಳ್ದೆ ಲಿಫ್ಟಿಗೆ ಹಾಕಿದ. ಇವಳನ್ನಾದ್ರೂ ಕೇಳೋಣ ಅಂತ ಮನೆಮಂದಿಯೆಲ್ಲ ಮಾತಾಡ್ಕೊಂಡ್ವಿ. ಕೇಳಿ ಕೇಳಿ ಮಗು ಸೊರಗಿಹೋಯ್ತು. ನೀನು ಒಂದೇ ದಿನದಲ್ಲಿ ಮುಗಿಸಿದೆ." ಚೀಲದಿಂದ ನಾಲ್ಕು ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮನೇಲಿ ಯಾರ್ಯಾರಿದೀರಿ?"

"ನಾನೊಬ್ಳೇ ಅಜ್ಜಿ. ಎರಡು ವರ್ಷ ಆಯ್ತು."

ಅಜ್ಜಿ ಚೀಲಕ್ಕೆ ಕೈ ಹಾಕಿ ಇನ್ನೆರಡು ಕಿತ್ತಳೆ ತೆಗೆದು ಜೊತೆಗಿಟ್ಟಳು.

ಅಷ್ಟರಲ್ಲಿ ಅಪ್ಪನ ಕಣ್ಣು ಮೇಜಿನ ತುದಿಯಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಬಿತ್ತು. ಮೇಷ್ಟ್ರಿಗೆ ತೋರಿಸಲೆಂದು ಅಕ್ಕ ಅದನ್ನು ಇಟ್ಟುಕೊಂಡಿದ್ದಳು.

"ಇದು ಇಲ್ಲಿಗೆ ಬಂದಿದೆಯಾ? ನಿನ್ನೆಯಿಂದ ಮನೆಯೆಲ್ಲ ತಡಕಾಡ್ತಿದೀನಿ." ಅವನು ಅದನ್ನು ಎತ್ತಿಕೊಂಡು, ಸಲೀಸಾಗಿ ಹಿಂದಿನಿಂದ ತೆರೆದು, ಜೇಬಿನಿಂದ ನೀಲಿ ಪೆನ್ನು ತೆಗೆದ. "ಒಂದು ನಿಮಿಷ ಮೇಡಂ, ಇವತ್ತು ಬೆಳಿಗ್ಗೇದು ಮರೆಯೋಕೆ ಮುಂಚೆ ಬರ್ದ್‌ಬಿಡ್ತೀನಿ."

ಅವನು ಬರೆಯತೊಡಗಿದ. ಒತ್ತಿದ ಸಣ್ಣ ಅಕ್ಷರ. ಅಕ್ಕ ಆ ಪೆನ್ನಿನ ತುದಿಯನ್ನೇ ನೋಡುತ್ತ ಕೂತಳು.

"ಆ ಪುಟಗಳು... ನಿಮ್ದಾ?"

"ಮತ್ಯಾರದು? ನಮ್ಮನೇಲಿ ಒಂದು ಪುಸ್ತಕ ಮುಗಿಯೋವರೆಗೆ ಇನ್ನೊಂದು ತೆಗೆಯೋ ಹಾಗಿಲ್ಲ. ಅವಳು ಮುಂದಿನಿಂದ ಬರ್ಕೊಂಡು ಬರ್ತಾಳೆ, ನಾನು ಹಿಂದಿನಿಂದ ಬರ್ಕೊಂಡು ಹೋಗ್ತೀನಿ. ಇಬ್ಬರೂ ಎದುರಾಬದುರು ಸಿಕ್ಕಿದ ದಿನ ಹೊಸದು. ಅವಳು ಒಂದ್ನೇ ಕ್ಲಾಸಲ್ಲಿದ್ದಾಗಿಂದ ಹೀಗೇ."

ಅಕ್ಕ ಮೆಲ್ಲಗೆ ನೋಟ್‌ಬುಕ್ ಕೇಳಿ ತೆಗೆದುಕೊಂಡು ಮೊದಲ ಬಾರಿಗೆ ಮುಂದಿನಿಂದ ತೆರೆದಳು. ದುಂಡನೆಯ, ಕಪ್ಪು ಶಾಯಿಯ, ಬೇರೆಯದೇ ಅಕ್ಷರ. ನಿನ್ನೆ ಒಂದು ಪುಟ ತಿರುವಿದ್ದರೆ ಕಾಣುತ್ತಿತ್ತು. ಮುಂದಿನ ಪುಟ ನೋಡುವುದಿಲ್ಲ ಎನ್ನುವುದೇ ಅವಳ ಹಠವಾಗಿತ್ತಲ್ಲ.

ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ಪುಟ ನೋಡಿಯೇ ಮಗಳನ್ನು ಸ್ಟ್ಯಾಟಿಸ್ಟಿಕ್ಸಿಗೆ ಕಳಿಸಿದ್ದು; ಅರ್ಜಿಗೆ ಮುದ್ರೆಯೂ ಬಿದ್ದಾಗಿದೆ.

ಅಜ್ಜಿ ಮೊದಲು ಅರ್ಥವಾಗದೆ ಮಗನ ಮುಖ ನೋಡಿದಳು. ಅರ್ಥವಾದಾಗ ಕುರ್ಚಿ ಸಮೇತ ತೂಗಾಡಿ ನಕ್ಕಳು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತಲ್ಲ ತಾಯಿ."

ಅಪ್ಪನ ಮುಖ ಅರಳಿತ್ತು. "ಅಂದ್ರೆ ನಾನು ಪಾಸಾ, ಮೇಡಂ?"

"ನಿನ್ನ ಪಾಸು ಹಾಗಿರ್ಲಿ. ಮಗು ಗತಿ ಏನೋ?" ಅಂದಳು ಅಜ್ಜಿ.

ಅಕ್ಕ ಹುಡುಗಿಗೆ ಹೇಳಿಕಳಿಸಿದಳು. ಅವಳು ಬಾಗಿಲಿಗೆ ಬಂದು, ಅಪ್ಪನನ್ನೂ ಅಜ್ಜಿಯನ್ನೂ ನೋಟ್‌ಬುಕ್ಕನ್ನೂ ನೋಡಿ, ಅಲ್ಲೇ ನಿಂತಳು.

"ಯಾಕೆ ಹೇಳ್ಲಿಲ್ಲ?" ಅಕ್ಕ ಕೇಳಿದಳು. ಗದರುವ ದನಿಯಲ್ಲಿ ಅಲ್ಲ.

"ನೀವು ಅಷ್ಟು ಖುಷಿಯಾಗಿದ್ರಿ ಅಕ್ಕ. ನಿಮಗೆ ಬೇಜಾರಾಗತ್ತೆ ಅಂತ..."

"ಮೂರು ವರ್ಷ ಓದಬೇಕಾಗಿತ್ತು ಕಣೇ ನೀನು."

"ಗೊತ್ತು. ಆದ್ರೆ ಬೇರೆ ಏನು ತೋರಿಸ್ಲಿ? ನಂಗೆ ಹಿಂದಿನ ಪುಟ ಅಂತ ಇರ್ಲೇ ಇಲ್ಲ ಅಕ್ಕ. ಅದು ಯಾವಾಗ್ಲೂ ಅಪ್ಪಂದು."

ಅಷ್ಟರಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ತಮ್ಮ ರತ್ನವನ್ನು ನೋಡಲು ತಾವೇ ಬಂದರು. ವಿಷಯ ಕೇಳಿ ಅವರ ಭುಜ ಇಳಿಯಿತು. ಆದರೂ ಕೈ ನೋಟ್‌ಬುಕ್ಕಿನ ಕಡೆ ಹೋಯಿತು. ನಿಂತಲ್ಲೇ ಎರಡು ಪುಟ ಓದಿದರು, ಕನ್ನಡಕ ಸರಿ ಮಾಡಿಕೊಂಡರು, ಮೂರನೆಯದಕ್ಕೆ ಕೂತೇಬಿಟ್ಟರು.

"ಈ ಬುಧವಾರದ ಲೆಕ್ಕ ಏನಿದು?" ಎಂದು ಅಪ್ಪನನ್ನು ಕೇಳಿದರು.

"ಅದೇ ಸರ್ ನನ್ನ ತಲೆನೋವು. ವಾರವೆಲ್ಲ ಸರಿ. ಬುಧವಾರ ಮಾತ್ರ ಮೂರನೇ ಮಹಡೀಲಿ ಜನ ನಿಂತೇ ಇರ್ತಾರೆ. ಬಾಗಿಲು ಬಿಚ್ಚಿ ಎರಡು ಸಲ ಎಣ್ಣೆ ಹಾಕ್ದೆ. ಬಟನ್ ಬದಲಾಯಿಸ್ದೆ. ವೈರು ನೋಡ್ದೆ."

"ಮೋಟರ್ ಬಿಸಿ?"

"ನೋಡ್ದೆ ಸರ್. ಬುಧವಾರ ಒಂದೇ ದಿನ ಮೋಟರಿಗೆ ಜ್ವರ ಬರತ್ತಾ?"

"ವೋಲ್ಟೇಜು?"

"ಅದೂ ನೋಡ್ದೆ."

ಇಬ್ಬರೂ ತಲೆಗೆ ತಲೆ ಸೇರಿಸಿ ಕೂತರು. ಕೋಣೆಯಲ್ಲಿ ಉಳಿದವರು ಇದ್ದಾರೆಂಬುದೇ ಅವರಿಗೆ ಮರೆತಿತ್ತು.

"ಅದು ಬಾಗಿಲಲ್ಲ ಅಪ್ಪ," ಅಂದಳು ಹುಡುಗಿ.

ಯಾರೂ ಕೇಳಿಸಿಕೊಳ್ಳಲಿಲ್ಲ.

"ಅದು ಬಾಗಿಲೂ ಅಲ್ಲ, ಮೋಟರೂ ಅಲ್ಲ." ಈ ಸಲ ದನಿ ಎಷ್ಟು ಜೋರಾಗಿತ್ತೆಂದರೆ ಅಜ್ಜಿಯ ಕುರ್ಚಿ ತೂಗುವುದು ನಿಂತಿತು. "ಬುಧವಾರ ಅಲ್ಲಿ ಕಣ್ಣಿನ ಡಾಕ್ಟರ್ ಬರ್ತಾರೆ. ಎಲ್ಲರಿಗೂ ಕಣ್ಣಿಗೆ ಔಷಧಿ ಬಿಟ್ಟಿರ್ತಾರೆ. ಹೊರಗೆ ಬರೋವಾಗ ಏನೂ ಕಾಣಲ್ಲ, ಎಲ್ಲ ಮಂಜು ಮಂಜು. ಲಿಫ್ಟಿನ ಮುಂದೆ ಬಂದು ನಿಂತ್ಕೋತಾರೆ. ಬಟನ್ ಎಲ್ಲಿದೆ ಅಂತ ಕೇಳಿದ್ರೆ ಕಣ್ಣು ಕಾಣಲ್ಲ ಅಂತ ಗೊತ್ತಾಗತ್ತಲ್ಲ, ಅದಕ್ಕೆ ಯಾರೂ ಕೇಳಲ್ಲ. ಪಕ್ಕದವರು ಒತ್ತಿರ್ತಾರೆ ಅಂತ ಅವರು, ಇವರು ಒತ್ತಿರ್ತಾರೆ ಅಂತ ಇವರು. ಒಂದಿನ ಒಂಬತ್ತು ಜನ ನಿಂತಿದ್ರು. ಲಿಫ್ಟ್ ನೆಲಮಹಡೀಲಿ ಸುಮ್ನೆ ಖಾಲಿ ನಿಂತಿತ್ತು."

ಅಪ್ಪ ಬಾಯಿ ತೆರೆದುಕೊಂಡು ನೋಡಿದ. "ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ನನ್ನ ಕೇಳ್ಲಿಲ್ಲ ಅಪ್ಪ. ನೀನು ಬಾಗಿಲನ್ನ ಕೇಳ್ತಿದ್ದೆ."

ಬುಧವಾರ ಮಧ್ಯಾಹ್ನ ಅವಳಿಗೆ ತರಗತಿಯಿಲ್ಲ. ಅಪ್ಪನಿಗೆ ಊಟದ ಡಬ್ಬಿ ಒಯ್ದು ಕೊಟ್ಟು, ಅವನ ಕೆಲಸ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಕೂತವಳು ಸುಮ್ಮನಿರುವುದಿಲ್ಲ ಎನ್ನುವುದು ಈಗ ಹೊರಬಿತ್ತು.

"ಐದನೇ ಮಹಡಿ ಲೆಕ್ಕ ಇದೆಯಲ್ಲ," ಎಂದು ಅವಳು ಮೇಷ್ಟ್ರ ಕೈಯಿಂದ ನೋಟ್‌ಬುಕ್ ಎಳೆದುಕೊಂಡು ಬೆರಳಿಟ್ಟಳು, "ನಾಲ್ಕು ಜನ ಕಾದ್ರು, ಮೂರು ಜನ ಹತ್ತಿದ್ರು ಅಂತ? ಜಾಗ ಸಾಲ್ದೆ ಅಲ್ಲ. ಅಲ್ಲಿ ಇಬ್ಬರು ವಾರಗಿತ್ತಿಯರಿದಾರೆ, ಮಾತು ಬಿಟ್ಟು ಆರು ತಿಂಗಳಾಯ್ತು. ಒಬ್ಬರು ಹತ್ತಿದ್ರೆ ಇನ್ನೊಬ್ಬರು, ಅಯ್ಯೋ ಏನೋ ಮರ್ತೆ ಅಂತ ಒಳಗೆ ಹೋಗ್ತಾರೆ. ಏನೂ ಮರ್ತಿರಲ್ಲ. ಬಾಗಿಲ ಹಿಂದೆ ನಿಂತಿರ್ತಾರೆ. ನಾನು ಇಬ್ಬರ ಹತ್ರಾನೂ ಮಾತಾಡಿದೀನಿ. ಇಬ್ಬರೂ ಅವಳೇ ಮೊದ್ಲು ಮಾತಾಡ್ಲಿ ಅಂತಾರೆ."

"ಜಗಳ ಯಾಕೆ ಬಂತಂತೆ?" ಅಜ್ಜಿ ಮುಂದಕ್ಕೆ ಬಾಗಿದಳು.

"ಅದು ಇಬ್ಬರಿಗೂ ಮರ್ತುಹೋಗಿದೆ ಅಜ್ಜಿ. ಅದಕ್ಕೇ ರಾಜಿ ಆಗೋಕೆ ಆಗ್ತಿಲ್ಲ."

ಏಳನೇ ಮಹಡಿಗೆ ಒಬ್ಬ ಟೈಲರು ದಿನಕ್ಕೆ ಆರು ಸಲ ಮೆಟ್ಟಿಲೇ ಹತ್ತುತ್ತಾನೆ. ಲಿಫ್ಟಿನ ಕನ್ನಡಿಯಲ್ಲಿ ತನ್ನ ಬೋಳುತಲೆ ಕಾಣುತ್ತದೆಂದು. ಎರಡನೇ ಮಹಡಿಯ ನಿವೃತ್ತ ಪೋಸ್ಟ್‌ಮ್ಯಾನ್ ಎಲ್ಲಿಗೂ ಹೋಗುವುದಿಲ್ಲ. ಬೆಳಗಿನ ಗದ್ದಲದಲ್ಲಿ ಮೇಲೆ ಕೆಳಗೆ ನಾಲ್ಕು ಸುತ್ತು ಬರುತ್ತಾನೆ, ಮಾತಿಗೆ ಜನ ಸಿಗಲೆಂದು. ಹುಡುಗಿ ಹೇಳುತ್ತ ಹೋದಳು. ಅವಳ ಕೈಗಳು ಮಹಡಿಗಳನ್ನು ಗಾಳಿಯಲ್ಲಿ ಕಟ್ಟುತ್ತ, ಜನರನ್ನು ಅಲ್ಲಲ್ಲಿ ನಿಲ್ಲಿಸುತ್ತಿದ್ದವು. ಗೋಡೆಯಾಚೆಯ ಜೆರಾಕ್ಸ್ ಯಂತ್ರ ನಿಂತದ್ದೂ ಅಕ್ಕನಿಗೆ ತಿಳಿಯಲಿಲ್ಲ.

ಅವಳು ಮುಗಿಸಿ ನೋಟ್‌ಬುಕ್ಕನ್ನು ಮೇಷ್ಟ್ರ ಕೈಗೆ ವಾಪಸು ಕೊಟ್ಟಳು.

ಅಕ್ಕನ ನಾಲಿಗೆಯ ತುದಿಗೆ ಒಂದು ವಿಭಾಗದ ಹೆಸರು ಬಂದು ನಿಂತಿತ್ತು. ಅವಳು ಅದನ್ನು ನುಂಗಿಕೊಂಡಳು. ಎದ್ದು, ಕಪಾಟಿನಿಂದ ಹದಿನಾಲ್ಕು ವಿಭಾಗಗಳ ವಿವರವಿದ್ದ ಪುಸ್ತಿಕೆ ತೆಗೆದು ಹುಡುಗಿಯ ಕೈಗೆ ಕೊಟ್ಟಳು. "ಕೂತ್ಕೊಂಡು ಓದು. ಯಾರೂ ಅವಸರ ಮಾಡಲ್ಲ. ನಾನಂತೂ ಮಾಡಲ್ಲ."

ಅಜ್ಜಿ ಕಿತ್ತಳೆ ಸುಲಿದು ಎಲ್ಲರಿಗೂ ತೊಳೆ ಹಂಚಿದಳು. ಅಪ್ಪ ಮತ್ತು ಮೇಷ್ಟ್ರು, ಬಟನ್ನಿಗೆ ಉಬ್ಬಿದ ಗುರುತು ಹಾಕಿ ದೊಡ್ಡ ಬೆಳಕು ಹಚ್ಚಿದರೆ ಬುಧವಾರದ ಲೆಕ್ಕ ಎಷ್ಟಕ್ಕೆ ಇಳಿದೀತೆಂದು ಪಿಸುಮಾತಿನಲ್ಲಿ ಜಗಳವಾಡಿದರು. ಹುಡುಗಿ ಪುಟ ತಿರುವುತ್ತ ಹೋಗಿ, ಒಂದು ಕಡೆ ನಿಂತು, ಮತ್ತೆ ಮುಂದೆ ಹೋಗಿ, ಅದೇ ಪುಟಕ್ಕೆ ವಾಪಸು ಬಂದಳು.

"ಅಕ್ಕ, ಸೋಷಿಯಾಲಜೀಲಿ ಎರಡ್ನೇ ವರ್ಷದಿಂದ ಕ್ಷೇತ್ರಕಾರ್ಯ ಅಂತ ಇದೆ. ಅಂದ್ರೆ ಹೊರಗೆ ಹೋಗಿ ಜನರ ಹತ್ರ ಕೂತು ಮಾತಾಡೋದಾ?"

"ಮಾತಾಡೋದು. ಕೇಳಿಸ್ಕೊಳ್ಳೋದು. ಬರ್ಕೊಳ್ಳೋದು."

"ಅದಕ್ಕೆ ಮಾರ್ಕ್ಸ್ ಕೊಡ್ತಾರಾ?"

"ಕೊಡ್ತಾರೆ."

"ನಾನು ಅದನ್ನ ಅಧಿಕಪ್ರಸಂಗ ಅನ್ಕೊಂಡಿದ್ದೆ," ಅಂದಳು ಹುಡುಗಿ. ಸ್ವಲ್ಪ ತಡೆದು, "ನಂಗಿದು ಬೇಕು."

ಅಪ್ಪನ ಬಾಯಿಗೆ ಅಭ್ಯಾಸಬಲದಿಂದ ಮಾತು ಬಂದುಬಿಟ್ಟಿತು. "ನಿನ್ನಿಷ್ಟ ಮಗ..."

"ನೀನು ಸುಮ್ನಿರೋ," ಅಂದಳು ಅಜ್ಜಿ. "ಅವಳಿಷ್ಟ ಏನು ಅಂತ ಅವಳೇ ಹೇಳಾಯ್ತು."

ಮೇಷ್ಟ್ರು ನಿಟ್ಟುಸಿರುಬಿಟ್ಟರು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಹೋಗ್ಲಿ, ಸೋಷಿಯಾಲಜಿಯವರಿಗೂ ನನ್ನದೊಂದು ಪೇಪರ್ ಇದೆಯಮ್ಮ. ವಾರಕ್ಕೆರಡು ದಿನ ನನ್ನ ಕ್ಲಾಸಿಗೆ ಬರಲೇಬೇಕು. ಬರೋವಾಗ ನಿಮ್ಮಪ್ಪನ ಪುಟ ತಗೊಂಡು ಬಾ."

ಉಳಿದದ್ದು ಮುದ್ರೆಯ ಕಥೆ. ಅಕ್ಕ ಆಫೀಸಿಗೆ ಓಡಿದಾಗ ಕಿಟಕಿ ಅಂದಿಗೆ ಮುಚ್ಚಿತ್ತು. ಪಕ್ಕದ ಗೋಡೆಗೆ ಅಂಟಿಸಿದ್ದ ನಿಯಮಾವಳಿಯ ಹನ್ನೊಂದನೇ ಸಾಲನ್ನು ಅವಳು ಆವರೆಗೆ ಓದಿರಲಿಲ್ಲ, ಓದುವ ಅಗತ್ಯ ಬಿದ್ದಿರಲಿಲ್ಲ. ಮುದ್ರೆ ಬಿದ್ದ ಅರ್ಜಿಯನ್ನು ಬದಲಾಯಿಸಬೇಕಾದರೆ, ಸಲಹೆ ಕೊಟ್ಟವರು ತಮ್ಮ ಸಲಹೆ ತಪ್ಪೆಂದು ಸ್ವಂತ ಕೈಯಲ್ಲಿ ಬರೆದು, ಕೊನೆಯ ದಿನ ಹನ್ನೆರಡರೊಳಗೆ ತಾವೇ ಬಂದು ಕೊಡಬೇಕು. ಅದು ಅವರ ಕಡತದಲ್ಲಿ ಉಳಿಯುತ್ತದೆ.

ಸಂಜೆ ಮನೆಯಲ್ಲಿ ಅಕ್ಕ ಒಂದು ಬಿಳಿ ಹಾಳೆ ತೆಗೆದು ಕೂತಳು. ಬಹಳ ಹೊತ್ತು ಬೇಕಾದೀತು ಎಂದುಕೊಂಡಿದ್ದಳು. ಬೇಕಾಗಲಿಲ್ಲ. 'ಗುರುವಾರ ಈ ವಿದ್ಯಾರ್ಥಿನಿಗೆ ನಾನು ಕೊಟ್ಟ ಸಲಹೆ ತಪ್ಪು. ನಾನು ಓದಿದ್ದು ಅವಳನ್ನಲ್ಲ' ಎಂದು ಬರೆದು ಸಹಿ ಹಾಕಿದಳು. ಬರೆದ ಮೇಲೆ ಹಸಿವಾಯಿತು. ಉಳಿದಿದ್ದ ಎರಡು ಕಿತ್ತಳೆಗಳನ್ನು ಕಿಟಕಿಯ ಹತ್ತಿರ ನಿಂತು ತಿಂದಳು.

ಶನಿವಾರ ಕಿಟಕಿಯ ಮುಂದಿನ ಸಾಲು ಪಡಸಾಲೆ ದಾಟಿ ಮೆಟ್ಟಿಲವರೆಗೆ ಹೋಗಿತ್ತು. ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಅರ್ಜಿಯಿಟ್ಟು ತುಂಬುತ್ತಿದ್ದರು. ಅಕ್ಕನೂ ಹುಡುಗಿಯೂ ಸಾಲಿನಲ್ಲೇ ನಿಂತರು. ಅವರ ಸರದಿ ಬಂದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ದಾಟಿತ್ತು.

ಕಿಟಕಿಯೊಳಗಿನ ಗುಮಾಸ್ತರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ದಾರ ಕಟ್ಟಿದ ಕನ್ನಡಕ ಏರಿಸಿ ಅಕ್ಕನ ಕಾಗದ ಓದಿದರು. ಓದಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ಮೂರು ವರ್ಷದಲ್ಲಿ ಇದು ಮೊದಲ್ನೇ ತಪ್ಪಾ ಅಮ್ಮ?"

"ಗೊತ್ತಾಗಿದ್ದು ಇದು ಮೊದಲ್ನೇದು ಸರ್."

ಗುಮಾಸ್ತರು ಅದನ್ನು ಇನ್ನೊಮ್ಮೆ ಓದಿದರು, ಈ ಸಲ ಮೀಸೆಯಡಿ ನಗುತ್ತ. ಹಳೆಯ ಅರ್ಜಿ ಹುಡುಕಿ ತೆಗೆದು, ಅದರ ಮೇಲೆ ಅಡ್ಡ ಗೆರೆ ಎಳೆದರು. ಹುಡುಗಿ ಹೊಸ ಅರ್ಜಿ ಮುಂದಿಟ್ಟಳು. ವಿಭಾಗದ ಹೆಸರನ್ನು ಅವಳೇ ಬರೆದಿದ್ದಳು, ದುಂಡನೆಯ ಅಕ್ಷರದಲ್ಲಿ, ಜಾಗ ಮೀರಿ. ಗುಮಾಸ್ತರು ಅದನ್ನೂ ಎರಡು ಸಲ ಓದಿ, ಮುದ್ರೆಯನ್ನು ಶಾಯಿಗೆ ಒತ್ತಿ, ಅರ್ಜಿಯ ಮೇಲೆ ಇಳಿಸಿದರು.

"ಆಯ್ತಮ್ಮ. ಮುಂದಿನವರು ಬನ್ನಿ."

ಹುಡುಗಿ ಕದಲಲಿಲ್ಲ. ಕಿಟಕಿಯ ಕಂಬಿ ಹಿಡಿದುಕೊಂಡು ಒಳಗೆ ನೋಡುತ್ತಿದ್ದಳು.

"ಸರ್, ಒಂದು ಕೇಳ್ಲಾ? ಸಾಲಲ್ಲಿ ನಿಂತಾಗಿಂದ ನೋಡ್ತಿದೀನಿ. ಎಲ್ಲರ ಅರ್ಜೀನೂ ಎರಡೆರಡು ಸಲ ಓದ್ತೀರಿ. ಮೊದಲ್ನೇ ಸಲ ಗಂಭೀರವಾಗಿರ್ತೀರಿ. ಎರಡ್ನೇ ಸಲ ಮಾತ್ರ ನಗ್ತೀರಿ. ಯಾಕೆ ಸರ್?"

ಗುಮಾಸ್ತರ ಕೈ ಮುದ್ರೆಯ ಮೇಲೆ ನಿಂತಿತು. ಅವರು ಅಕ್ಕನ ಕಡೆ ನೋಡಿದರು. ಅಕ್ಕನಿಗೆ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ, ಜೋರಾಗಿಯೇ ಹೊರಬಿತ್ತು. ಗುಮಾಸ್ತರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ಮೊದಲ್ನೇ ಸಲ ತಪ್ಪಿದೆಯಾ ಅಂತ ಓದ್ತೀನಮ್ಮ. ಎರಡ್ನೇ ಸಲ, ಬರೆದವರು ಎಂಥವರು ಅಂತ ಓದ್ತೀನಿ. ಈಗ ನೋಡು..." ಅವರು ಸ್ಟೂಲನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು.

"ಸರ್, ಹನ್ನೆರಡಾಗತ್ತೆ," ಹಿಂದಿನಿಂದ ಯಾರೋ ಕೂಗಿದರು. "ನಾವೆಲ್ಲ ಕಲ್ಲಿಗೆ ಹೋಗ್ಬೇಕಾ?"

"ಸಾಲಲ್ಲಿ ನಿಂತಿರೋರ ಅರ್ಜಿ ಎಲ್ಲಾನೂ ತಗೊಳ್ತೀನಿ, ಸುಮ್ನಿರ್ರಿ," ಅಂದರು ಗುಮಾಸ್ತರು. "ಇಪ್ಪತ್ತಾರು ವರ್ಷದಿಂದ ಇಲ್ಲಿ ಕೂತಿದೀನಿ. ಇವತ್ತೊಬ್ಳು ಕೇಳಿದಾಳೆ."